ಎಂಟು ದಿನದ ಒಡೆಯ

೨೦೨೬ರ ಏಪ್ರಿಲ್ ಒಂದು, ಬುಧವಾರ. ಮೈದಾ ಹನ್ನೊಂದು ಮೂಟೆ, ರವೆ ಎರಡು ಮೂಟೆ, ರಸ್ಕ್ ನಲವತ್ತು ಪೊಟ್ಟಣ, ಹುಳಿ ಹಿಟ್ಟಿನ ಮರದ ತೊಟ್ಟಿ ಒಂದು. ಚಂದ್ರಶೇಖರ ಎರಡನೆಯ ಸಲ ಎಣಿಸಿದ. ಮೊದಲ ಎಣಿಕೆ ತಪ್ಪಿರಲಿಲ್ಲ. ಎಣಿಕೆ ನಿಂತರೆ ಉತ್ತರ ಕೊಡಬೇಕಾಗಿತ್ತು.

"ನೀನಿದೀಯಲ್ಲ" ಎಂದು ಲೇಯಕ್ಕ ಹೇಳಿ ಎರಡು ನಿಮಿಷ ಕಳೆದಿತ್ತು.

ಸುತ್ತಿಗೆ ಹುಡುಕುವವರು ಕಾಲ ಬಳಿ ಬಿದ್ದಿದ್ದ ಕಲ್ಲನ್ನು ಕಂಡು ಆಡುವಂಥ ಮಾತು.

ಅವರು ನಿಂತಿದ್ದುದು ಭದ್ರಾವತಿಯ ಹಳೇನಗರದ ಬೇಕರಿಯ ಉಗ್ರಾಣದಲ್ಲಿ. ಕೆಳಗೆ ಬೇಕರಿ, ಮೇಲೆ ಮನೆ. ಅಪ್ಪ ಎಝ್ರಾ ಕೊಂಕಣದಿಂದ ಬಂದ ಯೆಹೂದಿ. ಕಾರ್ಖಾನೆಯ ಪಾಳಿಯವರಿಗೆ ಬನ್ನು ಮಾರಿ ಇದನ್ನು ಕಟ್ಟಿದ್ದರು. ಅವರು ತೀರಿಕೊಂಡ ಮೇಲೆ ಲೇಯಕ್ಕ ಮತ್ತು ನಿಸೀಮ್ ಭಾವ ನಡೆಸುತ್ತಿದ್ದರು. ಚಂದ್ರಶೇಖರ ಶಿವಮೊಗ್ಗದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ. ಹೆಸರಿನ ಹಿಂದಿನ ಇಂಗ್ಲಿಷ್ ಅಕ್ಷರ 'ಇ' ಈಶ್ವರಪ್ಪನೇ ಇರಬೇಕೆಂದು ಸಹೋದ್ಯೋಗಿಗಳು ತೀರ್ಮಾನಿಸಿದ್ದರು. ಅವನು ತಿದ್ದಿರಲಿಲ್ಲ.

ಆ ಸಂಜೆ ಪೆಸಾಹ್ ಹಬ್ಬ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟವರಿಗೆ ಹಿಟ್ಟು ಹುಳಿಯುವಷ್ಟೂ ಸಮಯವಿರಲಿಲ್ಲ. ಅದರ ನೆನಪಿಗೆ ಎಂಟು ದಿನ ಯೆಹೂದಿಯ ಬಳಿ ಹುಳಿತ ಹಿಟ್ಟು ಇರಕೂಡದು. ತಿನ್ನಕೂಡದು ಎಂಬುದಷ್ಟೇ ಅಲ್ಲ, ತನ್ನದೆಂದು ಇರಲೇ ಕೂಡದು. ಇದ್ದುಬಿಟ್ಟರೆ ಹಬ್ಬ ಕಳೆದ ಮೇಲೂ ಅದು ಯಾವ ಉಪಯೋಗಕ್ಕೂ ಸಲ್ಲದು. ಸಾಮಾನ್ಯ ಮನೆಯವರು ಚೂರುಪಾರು ಹುಡುಕಿ ಸುಟ್ಟುಬಿಡುತ್ತಾರೆ. ಬೇಕರಿಯವರು ಉಗ್ರಾಣವನ್ನು ಸುಡಲಾರರು, ಯೆಹೂದಿಯಲ್ಲದವನಿಗೆ ಮಾರುತ್ತಾರೆ. ಅವನು ಮುಂಗಡ ಕೊಟ್ಟು, ಬೀಗದ ಕೈ ಪಡೆದು, ಎಂಟು ದಿನ ಮಾಲಿಗೂ ಅದಿರುವ ಜಾಗಕ್ಕೂ ಒಡೆಯನಾಗುತ್ತಾನೆ. ಬಾಕಿಯನ್ನೂ ಕೊಟ್ಟರೆ ಮಾಲು ಶಾಶ್ವತವಾಗಿ ಅವನದು. ಕೊಡದಿದ್ದರೆ ಮುಂಗಡ ಹಿಂದಕ್ಕೆ ಪಡೆದು ಮಾಲನ್ನು ಮರಳಿಸುತ್ತಾನೆ. ಇದು ನಾಟಕವಲ್ಲ. ನಾಟಕವಾದರೆ ಮಾರಾಟ ಸಿಂಧುವಾಗದು.

ಇಪ್ಪತ್ತೆಂಟು ವರ್ಷ ಕೊಂಡವನು ಪಕ್ಕದ ಗ್ಯಾರೇಜಿನ ಅಲ್ಲಾಬಕ್ಷ್. ಫೆಬ್ರವರಿಯಲ್ಲಿ ತೀರಿಕೊಂಡ. ಅವನ ಮಗ ಮೊಹ್ಸಿನ್ ಒಪ್ಪಿದ್ದ. ಆದರೆ ಅವನ ಲಾರಿ ಬೆಳಿಗ್ಗೆಯಿಂದ ಹಿರಿಯೂರಿನ ಬಳಿ ಕೆಟ್ಟು ನಿಂತಿತ್ತು. ಭಟ್ಟಿಯ ಕೆಲಸದ ಪುಟ್ಟಯ್ಯ ಕೈಮುಗಿದಿದ್ದ.

"ಬೇಡಮ್ಮ. ಒಂದ್ಸಲ ನಮ್ ಹೆಸ್ರಿಗೆ ಬಂದ್ರೆ ನನ್ ಹೆಂಡ್ತಿ ವಾಪಸ್ ಕೊಡಕ್ಕೆ ಬಿಡಲ್ಲ. ನಂಗೆ ನೀವೂ ಬೇಕು, ಅವಳೂ ಬೇಕು" ಎಂದು ಹೇಳಿ, ಎಂಟು ದಿನದ ರಜೆಗೆ ಊರಿನ ಬಸ್ಸು ಹಿಡಿದಿದ್ದ.

"ಹನ್ನೊಂದು ಮೂವತ್ತೊಂದಕ್ಕೆ ಮುಗೀತು. ಆಮೇಲೆ ಮಾರೋ ಹಾಗಿಲ್ಲ" ಎಂದರು ನಿಸೀಮ್ ಭಾವ. ಹಗಲನ್ನು ಹನ್ನೆರಡು ಪಾಲು ಮಾಡಿದರೆ ಐದನೆಯ ಪಾಲು ಮುಗಿಯುವ ಹೊತ್ತು ಅದು. "ಈಗ ಹನ್ನೊಂದು ಆರು."

"ನಾನು ಹೊರಗಿನವನು ಹೇಗಾಗ್ತೀನಿ ಅಕ್ಕ?"

ಲೇಯಕ್ಕ ಮೂಟೆಯ ಬಾಯಿಯ ದಾರ ಬಿಗಿದಳು. ಅದು ಮೊದಲೇ ಬಿಗಿಯಾಗಿತ್ತು.

"ಚಿಕ್ಕಮ್ಮನ ಕಡೆಯಿಂದ ಕಣೋ."

ಲೆಕ್ಕ ಸರಳ. ತಾಯಿ ಯೆಹೂದಿಯಾದರೆ ಮಗು ಯೆಹೂದಿ. ಲೇಯಕ್ಕನ ತಾಯಿ ಯೆಹೂದಿ. ಮಗಳಿಗೆ ಒಂಬತ್ತಾಗಿದ್ದಾಗ ಸತ್ತಳು. ಆಮೇಲೆ ಅಪ್ಪ ಮದುವೆಯಾದದ್ದು, ಲೇಯಕ್ಕ ಚಿಕ್ಕಮ್ಮ ಎನ್ನುತ್ತಿದ್ದ, ಯೆಹೂದಿಯಲ್ಲದ ಹೊಳಲೂರಿನ ಹಾಲಮ್ಮನನ್ನು. ಚಂದ್ರಶೇಖರ ಅವಳ ಮಗ. ಹದಿನಾರನೆಯ ವಯಸ್ಸಿನಲ್ಲೇ ಪುಸ್ತಕವೊಂದರಲ್ಲಿ ಈ ನಿಯಮವನ್ನು ಓದಿದ್ದ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹಾಲಮ್ಮ ಹಬ್ಬಕ್ಕೆ ಹದಿನೈದು ದಿನ ಮೊದಲೇ ಸೊಂಟಕ್ಕೆ ಸೆರಗು ಸಿಗಿಸುತ್ತಿದ್ದಳು. ಕಪಾಟಿನ ಸಂದಿಗೆ ಹಂಚಿಕಡ್ಡಿ ತೂರಿಸಿ ಹೋದ ವರ್ಷದ ಬ್ರೆಡ್ಡಿನ ಪುಡಿ ಕೆದಕುತ್ತಿದ್ದಳು. ಅಷ್ಟು ಕಟ್ಟುನಿಟ್ಟು ಅಪ್ಪನಿಗೂ ಇರಲಿಲ್ಲ.

"ಹುಳಿ ಅಂದ್ರೆ ಬರೀ ಹಿಟ್ಟಲ್ಲ ಹಾಲಿ. ನಾನು ನಾನು ಅಂತ ಉಬ್ಬೋದು. ಅದನ್ನ ಗುಡಿಸ್ಬೇಕು" ಎನ್ನುತ್ತಿದ್ದರು ಅಪ್ಪ.

"ಅದನ್ನ ನೀವು ಗುಡಿಸ್ಕೊಳ್ಳಿ. ಈಗ ಕಾಲೆತ್ತಿ" ಎನ್ನುತ್ತಿದ್ದಳು ಅವಳು.

ಹಬ್ಬದ ರಾತ್ರಿ ಮೇಜಿನ ಸುತ್ತ ಕೂತಾಗ, ಎಲ್ಲರಿಗಿಂತ ಕಿರಿಯವನು ನಾಲ್ಕು ಸಾಲಿನ ಒಂದು ಪ್ರಶ್ನೆ ಕೇಳಬೇಕು: ಈ ರಾತ್ರಿ ಉಳಿದೆಲ್ಲ ರಾತ್ರಿಗಳಿಗಿಂತ ಏಕೆ ಬೇರೆ? ಅದನ್ನು ಕೇಳಿದ ಮೇಲೆಯೇ ಬಿಡುಗಡೆಯ ಕಥೆಯ ಓದು ಮುಂದುವರಿಯುತ್ತದೆ. ಲೇಯಕ್ಕನಿಗೆ ಮಕ್ಕಳಿಲ್ಲ. ನಲವತ್ತಾರರ ಚಂದ್ರಶೇಖರನೇ ಆ ಮನೆಗೆ ಇನ್ನೂ ಕಿರಿಯ. ಇವತ್ತೂ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ ಲೆಟ್ಯೂಸ್ ಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆ ನಾಲ್ಕು ಸಾಲುಗಳಿಗೆ ತುಟಿಯಾಡಿಸುತ್ತ ಬಸ್ಸಿನಲ್ಲಿ ಬಂದಿದ್ದ. ಪಕ್ಕದವನು ಸರಿದು ಕೂತಿದ್ದ. ವರ್ಷದ ಉಳಿದ ದಿನಗಳಲ್ಲಿ ಅವನ ಪ್ರಶ್ನೆಗಾಗಿ ಕಾಯುವವರು ಎಲ್ಲಿಯೂ ಇರಲಿಲ್ಲ.

"ಅದು ಕಾಗದದ ಮಾತು ಅಷ್ಟೇ" ಎಂದಳು ಲೇಯಕ್ಕ.

"ಬರೀ ಕಾಗದದ ಮಾತಾದ್ರೆ ಮಾರಾಟ ಸುಳ್ಳಾಗುತ್ತೆ."

"ಸುಳ್ಳಲ್ಲ."

"ಹಾಗಾದ್ರೆ ನಾನು?"

ಅವಳು ತೊಟ್ಟಿಯ ಕಡೆ ನೋಡಿದಳು. ಅದರೊಳಗಿನ ಹುಳಿಯನ್ನು ಅಪ್ಪ ಐವತ್ತು ವರ್ಷದ ಹಿಂದೆ ಎಬ್ಬಿಸಿದ್ದರು. ದಿನಕ್ಕೊಮ್ಮೆ ಹಿಟ್ಟು ನೀರು ಕೊಟ್ಟು ಮನೆಯವರು ಅದನ್ನು ಇಲ್ಲಿಯವರೆಗೆ ಬದುಕಿಸಿದ್ದರು. ಮಾರದಿದ್ದರೆ ಇನ್ನು ಕಾಲು ಗಂಟೆಯೊಳಗೆ ಅದನ್ನು ಬೆಂಕಿಗೆ ಹಾಕಬೇಕು.

"ಚರ್ಚೆ ಆಮೇಲೆ ಇಟ್ಕೊಳಣ ಮಾರಾಯ. ಹನ್ನೊಂದು ಹದಿನೆಂಟು" ಎಂದರು ಭಾವ.

"ಬರೀರಿ" ಎಂದ ಚಂದ್ರಶೇಖರ.

ಭಾವ ಬರೆದರು. ಒಟ್ಟು ಬೆಲೆ ನಲವತ್ತಾರು ಸಾವಿರದ ಏಳುನೂರ ಮೂವತ್ತು. ಮುಂಗಡ ಏಳುನೂರ ಮೂವತ್ತು. ಮಾರುವವರು: ಲೇಯಾ, ಎಝ್ರಾ ಅವರ ಮಗಳು. ಕೊಳ್ಳುವವರು: ಚಂದ್ರಶೇಖರ. ಅಲ್ಲಿ ಪೆನ್ನು ನಿಂತಿತು.

"ತಂದೆ ಹೆಸರು ಬೇಡ ಅನ್ಸುತ್ತೆ. ಎರಡು ಕಡೆ ಒಂದೇ ಹೆಸರು ಬಂದ್ರೆ ಓದಿದವರಿಗೆ ಗಲಿಬಿಲಿ."

ಅಲ್ಲಿ ಒಂದು ಸಣ್ಣ ಗೆರೆ ಎಳೆದರು. ಚಂದ್ರಶೇಖರ ಮುಂಗಡವನ್ನು ಎಣಿಸಿ ಕೊಟ್ಟ.

ಲೇಯಕ್ಕ ಕರವಸ್ತ್ರದ ತುದಿ ಹಿಡಿದಳು. ಇನ್ನೊಂದು ತುದಿಯನ್ನು ಅವನು ಎಳೆದುಕೊಂಡ. ವ್ಯಾಪಾರ ಕುದುರಿತೆಂಬುದಕ್ಕೆ ಅದು ಗುರುತು. ಅವಳು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಬೇಗನೆ ಬೆರಳು ಹಿಂದಕ್ಕೆ ತೆಗೆದಳು.

ಹಿತ್ತಲಲ್ಲಿ ಎಣ್ಣೆಡಬ್ಬಿಯೊಳಗೆ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಹುಡುಕಿದ ಚೂರುಗಳು ಉರಿಯುತ್ತಿದ್ದವು. ಅವುಗಳನ್ನು ಗುಡಿಸಿದ ಕೋಳಿಗರಿಯೂ ಸುಟ್ಟು ಕೂದಲಿನ ವಾಸನೆ ಬಂತು. ಲೇಯಕ್ಕ ಹೊಗೆಯ ಮುಂದೆ ನಿಂತು ಕನ್ನಡದಲ್ಲೇ ಹೇಳಿದಳು. ಅರ್ಥವಾಗದೆ ಹೇಳಿದರೆ ಅದು ಸಲ್ಲುವುದಿಲ್ಲ.

"ನನ್ನ ಹತ್ತಿರ ಇರೋ ಹುಳಿ, ನಾನು ಕಂಡಿದ್ದು, ಕಾಣದೆ ಇದ್ದಿದ್ದು, ತೆಗೆದಿದ್ದು, ತೆಗೀದೆ ಉಳಿದಿದ್ದು, ಎಲ್ಲಾ ಇಲ್ಲದ ಹಾಗೆ ಆಗ್ಲಿ. ನೆಲದ ಧೂಳಿನ ಹಾಗೆ ಯಾರದ್ದೂ ಅಲ್ಲದ್ದಾಗ್ಲಿ."

ಬಿಸಿಲು ನೆತ್ತಿ ಸುಡುತ್ತಿತ್ತು. ಕಾಣದೆ ಇದ್ದಿದ್ದು ಎಂಬಲ್ಲಿ ಅಕ್ಕನ ದನಿ ತಡವರಿಸಿತೇ? ಚಂದ್ರಶೇಖರ ಖಚಿತವಾಗಿ ಹೇಳಲಾರ.

ಮೆಟ್ಟಿಲ ಬುಡದಲ್ಲಿ ಭಾವ ಕನ್ನಡಕ ಒರೆಸುತ್ತ ನಿಂತರು.

"ಇನ್ನೊಂದು ವಿಷಯ. ಹಬ್ಬದ ದಿನ ಹೊರಗಿನವರನ್ನ ಊಟಕ್ಕೆ ಕರಿಯೋ ಹಾಗಿಲ್ಲ. ಆ ದಿನ ನಮ್ಮವರಿಗಷ್ಟೇ ಬೇಯಿಸ್ಬೇಕು, ಅವರಿಗೋಸ್ಕರ ಒಲೆ ಮೇಲೆ ಹೆಚ್ಚಿಗೆ ಇಟ್ಟುಬಿಡ್ತೀವಿ ಅಂತ."

"ಇಷ್ಟು ವರ್ಷ ಬರ್ತಿದ್ನಲ್ರೀ" ಎಂದಳು ಲೇಯಕ್ಕ.

"ಇಷ್ಟು ವರ್ಷ ಕಾಗದ ಇರ್ಲಿಲ್ಲ."

ಭಾವ ಕನ್ನಡಕ ಹಾಕಿಕೊಂಡರು.

"ತಾನಾಗಿ ಬಂದ್ರೆ?" ಲೇಯಕ್ಕ ಗಂಡನನ್ನು ಕೇಳಿದಳು. ನೋಡಿದ್ದು ತಮ್ಮನನ್ನು.

"ತಾನಾಗಿ ಬಂದವರನ್ನ ಕಳಿಸೋ ಹಾಗಿಲ್ಲ. ಅಲ್ಲಾಬಕ್ಷ್ ಬರ್ತಿರ್ಲಿಲ್ವಾ? ಯಾರು ಕರೀತಿದ್ರು ಅವನ್ನ? ಬರ್ತಿದ್ದ, ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತು ಉಣ್ತಿದ್ದ."

ಚಂದ್ರಶೇಖರನಿಗೆ ಆ ಸ್ಟೂಲು ನೆನಪಿತ್ತು. ಅದರ ಮೇಲೆ ಕೂತವನನ್ನು ಮೇಜಿನಿಂದ ನೋಡಿ ನಕ್ಕದ್ದೂ ನೆನಪಿತ್ತು. ಕೊನೆಯ ಬಸ್ಸಿನ ಹೊತ್ತನ್ನೂ ಅವನು ಯೋಚಿಸಿದ.

"ರಾತ್ರಿ ಇಲ್ಲೇ ಇರೋ" ಎಂದಳು ಲೇಯಕ್ಕ.

"ಇರ್ತೀನಿ. ಕೆಳಗೆ ಜಾಗ ಇದೆಯಲ್ಲ. ನಂದೇ."

ಅವಳು ನಗಲು ನೋಡಿದಳು. ಅವನು ತಮಾಷೆ ಮಾಡಿದ್ದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಮಧ್ಯಾಹ್ನ, ಮುಚ್ಚಿದ ಬಾಗಿಲ ಹಿಂದೆ, ಅಂಗಡಿ ಬೇರೆಯೇ ಆಗಿ ಕಂಡಿತು. ಗಾಜಿನ ಪೆಟ್ಟಿಗೆಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ನೆಲದ ಮೇಲಿನ ಮೈದಾ ಧೂಳಿನಲ್ಲಿ ಅವನ ಹೆಜ್ಜೆಗಳಷ್ಟೇ ಮೂಡಿದ್ದವು; ಬೆಳಗಿನ ಮೂವರ ಹೆಜ್ಜೆಗಳು ಎಲ್ಲಿ ಹೋದವೆಂದು ಅವನು ಬಗ್ಗಿ ನೋಡಿದ. ಬಾಗಿಲ ಹಿಂದೆ ಒರಗಿಸಿದ್ದ ಪೊರಕೆ ಕಂಡಿತು. ಕಾರಣ ಸಿಕ್ಕಿತು. ನೆಮ್ಮದಿ ಸಿಗಲಿಲ್ಲ.

ನಾಲ್ಕಕ್ಕೆ ತೊಟ್ಟಿಗೆ ಹಿಟ್ಟು ನೀರು ಕೊಡಬೇಕಿತ್ತು. ಪುಟ್ಟಯ್ಯ ಇಲ್ಲ. ಅಕ್ಕ ಮುಟ್ಟುವಂತಿಲ್ಲ. ಒಡೆಯನೇ ತೋಳು ಮಡಚಿ ಕಲಸಿದ. ಒದ್ದೆ ಬಟ್ಟೆ ಮುಚ್ಚಿ ಮೂಟೆಯ ಮೇಲೆ ಕೂತ. ಬಟ್ಟೆ ಮೆಲ್ಲಗೆ ಏರಿತು, ಒಂದೆಡೆ ಗುಳ್ಳೆಯೊಡೆದು ತಗ್ಗಿತು, ಮತ್ತೆ ಏರಿತು. ಜ್ವರದಲ್ಲಿ ಮಲಗಿದವರ ಹೊಟ್ಟೆಯಂತೆ. ಸ್ವಲ್ಪ ಹೊತ್ತಿನಲ್ಲಿ ತನ್ನ ಉಸಿರು ಅದರ ಲಯಕ್ಕೆ ಬಿದ್ದಿದೆಯೆಂದು ಅವನಿಗೆ ತಿಳಿಯಿತು. ಬೇರೆ ಲಯದಲ್ಲಿ ಉಸಿರಾಡಲು ನೋಡಿದ. ಆಗಲಿಲ್ಲ.

"ಒಳಗೆ ಬರ್ಲಾ?"

ಹೊಸಿಲಿನಾಚೆ ಲೇಯಕ್ಕ ನಿಂತಿದ್ದಳು.

"ಇದೇನಕ್ಕ? ಬಾ."

"ಕೇಳ್ಬೇಕು ಕಣೋ. ಜಾಗ ನಿಂದು." ಮೂಲೆಯಲ್ಲಿ ಮರೆತಿದ್ದ ಸಣ್ಣ ಒರಳುಕಲ್ಲನ್ನು ಎತ್ತಿಕೊಂಡಳು. ತೊಟ್ಟಿಯ ಮುಂದೆ ಹಾಯುವಾಗ, ಬೇರೆಯವರ ಮನೆಯ ಮಲಗುವ ಕೋಣೆಯನ್ನು ಹಾದುಹೋಗುವವಳಂತೆ ಮುಖ ತಿರುಗಿಸಿದಳು. ಬಾಗಿಲಲ್ಲಿ ನಿಂತಳು. "ಚಂದ್ರು."

"ಏನು?"

"ಏನಿಲ್ಲ. ಸೊಪ್ಪು ಚೆನ್ನಾಗಿದೆ."

ಮೆಟ್ಟಿಲ ಮೇಲೆ ಅವಳ ಹೆಜ್ಜೆ ನಡುವೆ ಒಮ್ಮೆ ನಿಂತು ಮತ್ತೆ ಏರಿತು.

ಸಂಜೆ ಅವನು ಹಿತ್ತಲಿಗೆ ಬಂದ. ಗೋಡೆಯಾಚೆಯ ಪರದೆಯ ಹಿಂದಿನಿಂದ ಫಿರೋಜಾಳ ದನಿ ಕೇಳಿತು. ಅಲ್ಲಾಬಕ್ಷನ ಹೆಂಡತಿ; ಗಂಡ ಸತ್ತ ಶೋಕದ ಅವಧಿ ಮುಗಿಯದ್ದರಿಂದ ಹೊರಗೆ ಬರುವಂತಿರಲಿಲ್ಲ.

"ಈ ವರ್ಷ ಯಾರು ಸೇಠ್?"

"ನಾನೇ."

"ನೀವಾ ಮೇಷ್ಟ್ರೆ?" ಪರದೆ ಅಲುಗಿತು. ಆಮೇಲೆ ನಕ್ಕಿತು. "ನಮ್ಮೋರು ಈ ಎಂಟ್ ದಿನ ಮನೇಲಿ ಒಂದ್ ಲೋಟ ನೀರೂ ಎತ್ಕೋತಿರ್ಲಿಲ್ಲ. ಸೇಠ್‌ಗೆ ತಾ, ಅಂತ ಹುಕುಂ."

"ಬಾಕಿ ಕೊಟ್ಟು ತಗೊಂಡ್ಬಿಡೋಣ ಅಂತ ಅವರಿಗೆ ಯಾವತ್ತೂ ಅನ್ನಿಸ್ಲಿಲ್ವಾ?"

"ಪಾಗಲ್ ಆಗಿದ್ರಾ? ಅಷ್ಟ್ ಮೈದಾ ಇಟ್ಕೊಂಡು ಗ್ಯಾರೇಜಲ್ಲಿ ಏನ್ ಮಾಡೋದು?" ಎಂದು, ದನಿ ತಗ್ಗಿಸಿ ಕೇಳಿದಳು: "ಊಟಕ್ಕೆ ಮೇಲೆ ಹೋಗ್ತೀರಲ್ಲ?"

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಏಳು ದಾಟಿತು. ಅವನು ದೀಪ ಹಾಕಲಿಲ್ಲ. ಮೇಲೆ ಕುರ್ಚಿ ಎಳೆದ ಸದ್ದು. ಎರಡನೆಯದು. ತುಸು ತಡೆದು ಮೂರನೆಯದು. ಮೂರನೆಯದರ ಮೇಲೆ ಯಾರೂ ಕೂತ ಸದ್ದಾಗಲಿಲ್ಲ.

ಸ್ಟೂಲಲ್ಲ, ಕುರ್ಚಿ. ಆದರೆ ಯಾರೂ ಕರೆಯಲಿಲ್ಲ.

ಭಾವನ ದನಿ ಇಳಿದುಬಂತು. ಮೊದಲು ಗ್ರಂಥದ ಹಳೆಯ ಭಾಷೆಯಲ್ಲಿ, ಆಮೇಲೆ ಕೊಂಕಣದ ಹಿರಿಯರ ಮರಾಠಿಯಲ್ಲಿ: ಹಸಿದವರೆಲ್ಲ ಬಂದು ಉಣ್ಣಲಿ. ಅವನು ಎದ್ದು ನಿಂತ. ಇದು ಕರೆಯೇ? ಪ್ರತಿ ವರ್ಷವೂ ಓದುವ ಸಾಲು. ಯಾರನ್ನೂ ಹೆಸರಿಸದ ಸಾಲು. ಮೆಟ್ಟಿಲ ಬುಡಕ್ಕೆ ಬಂದ. ಓದು ಗೊತ್ತಿದ್ದ ಜಾಗಕ್ಕೆ ಬಂದು ನಿಂತಿತು. ಇನ್ನು ಕಿರಿಯವನು ಕೇಳಬೇಕು.

ಮೇಲೆ ಮೌನ.

ಕಾಯುತ್ತಿದ್ದರೋ, ಪುಟ ಮಗುಚುತ್ತಿದ್ದರೋ. ನಾಲ್ಕು ಸಾಲುಗಳು ಅವನ ಗಂಟಲಿನವರೆಗೆ ಬಂದಿದ್ದವು. ಹತ್ತಿ ಹೋದರೆ ತಾನಾಗಿ ಬಂದವನು. ಮೌನ ಉದ್ದವಾಯಿತು, ಪುಟ ಮಗುಚಲು ಅಷ್ಟು ಹೊತ್ತು ಬೇಡ. ಅವನ ಪಕ್ಕೆಲುಬುಗಳ ಕೆಳಗೆ ಏನೋ ಬೆಚ್ಚಗೆ, ನಿಧಾನವಾಗಿ ಉಬ್ಬಿ ಎದೆಯನ್ನು ತುಂಬಿತು. ಅದಕ್ಕೆ ನೋವಿರಲಿಲ್ಲ. ಒಂದು ಬಗೆಯ ಸುಖವೇ ಇತ್ತು.

ಅವನು ಮೆಟ್ಟಿಲಿಗೆ ಬೆನ್ನು ಹಾಕಿ ಅಂಗಡಿಯ ಮುಂಭಾಗಕ್ಕೆ ನಡೆದ. ಗಲ್ಲಾಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದ. ಗಿರಾಕಿಗಳು ಹಣ ಕಳಿಸುವ ಕ್ಯೂಆರ್ ಚೌಕದ ಮೇಲೆ ಮೊಬೈಲ್ ಹಿಡಿದ. ನಾಲ್ಕು, ಆರು, ಮೂರು ಸೊನ್ನೆ. ಗುಪ್ತಸಂಖ್ಯೆಯನ್ನೂ ಒತ್ತಿದ.

ಕತ್ತಲೆಯಲ್ಲಿ, ಬಟ್ಟೆ ಹೊದ್ದ ಪೆಟ್ಟಿಗೆಗಳ ನಡುವಿನಿಂದ, ಹೆಣ್ಣುದನಿಯೊಂದು ಏರಿಳಿತವಿಲ್ಲದೆ ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿತು:

"ನಲವತ್ತಾರು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ."

ಸ್ವಲ್ಪ ಹೊತ್ತಿನ ಮೇಲೆ ಮೂರನೆಯ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದ ಸದ್ದಾಯಿತು. ಆಮೇಲೆ ಅರವತ್ತು ದಾಟಿದ ಲೇಯಕ್ಕ, ಮಕ್ಕಳ ರಾಗದಲ್ಲಿ, ಪ್ರಶ್ನೆಯನ್ನು ಶುರುಮಾಡಿದಳು.

ಬಾಕಿ ತೀರಿತ್ತು, ಅಪ್ಪನ ತೊಟ್ಟಿಯೂ ಇನ್ನು ಅವನದೇ. ಹಣ ಬಂತೆಂದು ಸಾರಿದ ಆ ಪುಟ್ಟ ಯಂತ್ರದ ಹಸಿರು ಕಣ್ಣು ಮಾತ್ರ ಮಿನುಗುತ್ತ, ಕತ್ತಲೆಯಲ್ಲಿ ಮುಂದಿನ ಗಿರಾಕಿಗಾಗಿ ಕಾಯುತ್ತಿತ್ತು.