ಮಾತ್ರೆ ಮೇಷ್ಟ್ರ ಬಿಸ್ಕತ್ತಿನ ಡಬ್ಬಿ

ಅಗಲವಾದ ರಸ್ತೆಯಲ್ಲೂ ಮಾತ್ರೆ ಮೇಷ್ಟ್ರು ಅಡ್ಡಡ್ಡವಾಗಿಯೇ ನಡೆಯುತ್ತಿದ್ದರು. ತಮ್ಮ ಔಷಧಿ ಅಂಗಡಿಯಲ್ಲಿ, ಮುಂದಿನ ಗಾಜಿನ ಮೇಜಿಗೂ ಹಿಂದಿನ ಕಪಾಟುಗಳಿಗೂ ನಡುವೆ ಇದ್ದ ಒಂದೂವರೆ ಅಡಿ ಜಾಗದಲ್ಲಿ ಮೂವತ್ತು ವರ್ಷ ಬಲಭುಜ ಮುಂದುಮಾಡಿಕೊಂಡು ನುಸುಳಿ ನುಸುಳಿ, ಆ ದೇಹ ಇಕ್ಕಟ್ಟನ್ನೇ ತನ್ನ ಸಹಜಸ್ವಭಾವವೆಂದು ಒಪ್ಪಿಕೊಂಡುಬಿಟ್ಟಿತ್ತು. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಯಾರಿಗೋ ದಾರಿ ಬಿಡುವವರಂತೆ ಓರೆಯಾಗಿ ಬರುವ ಆ ಎತ್ತರದ ಆಕೃತಿ, ಬಣ್ಣ ಮಾಸಿದರೂ ಇಸ್ತ್ರಿ ಕೆಡದ ಬಿಳಿ ಕೋಟು, ಜೇಬಿನಿಂದ ಇಣುಕುವ ಕತ್ತರಿ ಕಂಡರೆ ಸಾಕು, ನಮ್ಮ ಬೀದಿಯ ಜನ "ಬಂತಪ್ಪ ಪಾಠ" ಎಂದು ನಗುತ್ತಿದ್ದರು.

ನಗುವಂಥದ್ದೇ ಆಗಿತ್ತು ಬಿಡಿ. ಪಾಠವಿಲ್ಲದೆ ಒಂದು ಮಾತ್ರೆಯೂ ಅವರ ಕೈಯಿಂದ ಹೊರಗೆ ಹೋಗುತ್ತಿರಲಿಲ್ಲ. ಒಮ್ಮೆ ಬಸ್ಸಿನ ಡ್ರೈವರೊಬ್ಬ ಎಂಜಿನ್ ಆರಿಸದೆಯೇ ಓಡಿಬಂದು ಜ್ವರ ಓಡಿಸುವ ಮಾತ್ರೆ ಕೇಳಿದ. ಮೇಷ್ಟ್ರು ಮಾತ್ರೆಯ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಕೊಡದೆ, ತಮ್ಮ ಮಾಮೂಲಿ "ಅಂದರೆ ಏನಾಯ್ತು" ಎಂಬಲ್ಲಿಂದಲೇ ಶುರುಮಾಡಿದರು.

"ಅಂದರೆ ಏನಾಯ್ತು, ಇದು ಜ್ವರಾನ ಓಡಿಸಲ್ಲ. ಮೈ ಎಷ್ಟು ಬಿಸಿ ಇರಬೇಕು ಅಂತ ಮೆದುಳಲ್ಲಿ ಒಂದು ಜಾಗ ತೀರ್ಮಾನ ಮಾಡುತ್ತೆ. ಕಾಯಿಲೆ ಬಂದಾಗ ಆ ಮಟ್ಟ ಏರಿರುತ್ತೆ. ಇದು ಹೋಗಿ ಇಳಿಸುತ್ತೆ, ಅಷ್ಟೆ. ಕಾಯಿಲೆ ಯಾಕೆ ಬಂತೋ, ಅದು ಅಲ್ಲೇ ಕೂತಿರುತ್ತೆ."

"ಸ್ವಾಮಿ, ನನ್ನ ಬಸ್ಸಲ್ಲೂ ಐವತ್ತು ಜನ ಕೂತಿದ್ದಾರೆ," ಎಂದ ಡ್ರೈವರು.

ಮೇಷ್ಟ್ರಿಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ. ಯಾರಾದರೂ ತಿರುಗಿ ಒಂದು ಪ್ರಶ್ನೆ ಕೇಳಿಬಿಟ್ಟರಂತೂ ಅವರ ಮುಖ ಅರಳುತ್ತಿತ್ತು. "ಮೊಣಕಾಲಿಗೆ ಅಂತ ಕೊಡ್ತೀರಲ್ಲ, ಮೊಣಕಾಲು ಎಲ್ಲಿದೆ ಅಂತ ಮಾತ್ರೆಗೆ ಹೇಗೆ ಗೊತ್ತಾಗುತ್ತೆ?" ಎಂದು ಹೂವಿನಂಗಡಿಯಾಕೆ ಕೇಳಿದ ದಿನ ಅವರು ಮಧ್ಯಾಹ್ನದ ಊಟವನ್ನೇ ಮರೆತರು. ಗೊತ್ತಾಗುವುದಿಲ್ಲ, ಅದು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ನೋವನ್ನು ಕೆರಳಿಸುವ ಒಂದು ರಸವನ್ನು ದೇಹ ತಯಾರಿಸದಂತೆ ತಡೆಯುತ್ತದೆ. ಆದರೆ ಅದೇ ರಸ ಹೊಟ್ಟೆಯ ಒಳಪದರವನ್ನೂ ಕಾಯುತ್ತಿರುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆಯೂ ನೋಡಿಕೊಳ್ಳುತ್ತಿರುತ್ತದೆ. ಆದ್ದರಿಂದ ರಕ್ತದೊತ್ತಡದ ಮಾತ್ರೆ ನುಂಗುವವರು ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು ಎಂದು, ರಟ್ಟಿನ ಮೇಲೆ ಚಿತ್ರ ಬರೆದು ವಿವರಿಸಿದರು. ಆಕೆ ಆ ರಟ್ಟನ್ನು ಜೋಪಾನವಾಗಿ ಮನೆಗೆ ಒಯ್ದಳು.

ಅವರದೊಂದು ಹಟವಿತ್ತು. ಹಾಳೆಯಲ್ಲಿ ಅರ್ಧ ಮಾತ್ರ ಬೇಕೆಂದವರಿಗೆ ಉಳಿದ ಅಂಗಡಿಯವರೆಲ್ಲ ಹೆಸರಿಲ್ಲದ ತುದಿಯನ್ನು ಕತ್ತರಿಸಿ ಕೊಟ್ಟು, ಹೆಸರೂ ತಾರೀಖೂ ಇರುವ ಭಾಗವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ; ಉಳಿದದ್ದು ನಾಳೆ ಮಾರಬೇಕಲ್ಲ. ಮೇಷ್ಟ್ರು ಹಾಗಲ್ಲ. ನುಂಗುವವನಿಗೆ ತಾನು ನುಂಗುವುದೇನೆಂದು ತಿಳಿಯುವ ಹಕ್ಕಿದೆ ಎಂದು ಹೆಸರಿರುವ ಭಾಗವನ್ನೇ ಗಿರಾಕಿಗೆ ಕೊಡುತ್ತಿದ್ದರು. ಆಮೇಲೆ ಕೈಯಲ್ಲಿ ಉಳಿದ ಅನಾಮಧೇಯ ತುಂಡನ್ನು ಇನ್ನೊಬ್ಬರಿಗೆ ಮಾರಲು ಅವರ ನಿಯಮವೇ ಒಪ್ಪದು, ಎಸೆಯಲು ಮನಸ್ಸು ಬಾರದು. ಹೀಗಾಗಿ ಆ ತುಂಡುಗಳೆಲ್ಲ ಕೋಟಿನ ಜೇಬು ಸೇರಿ, ಮನೆಗೆ ಹೋಗಿ, ಅಡುಗೆಮನೆಯ ಗೂಡಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಬೀಳುತ್ತಿದ್ದವು. ಅವರಿಗೇನು, ಬೆರಳಿಂದ ಸವರಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತಿತ್ತು.

ಮನೆಯಲ್ಲಿದ್ದದ್ದು ಅವರು ಮತ್ತು ಅವರ ಅಕ್ಕ, ಇಬ್ಬರೇ. ಹೊಲಿಗೆಯಂತ್ರವನ್ನು ಇಪ್ಪತ್ತೈದು ವರ್ಷ ತುಳಿದು ತಮ್ಮನನ್ನು ಓದಿಸಿದ ಅಕ್ಕನಿಗೆ ಮಿಕ್ಕಿದ್ದು ಮೊಣಕಾಲಿನ ನೋವು. ರಕ್ತದೊತ್ತಡವೂ ಇತ್ತು, ಅದರ ಮಾತ್ರೆಗಳನ್ನು ಮೇಷ್ಟ್ರು ದಿನಾ ಬೆಳಿಗ್ಗೆ ತಾವೇ ಬಿಡಿಸಿ ಅಕ್ಕನ ಅಂಗೈಯಲ್ಲಿಡುತ್ತಿದ್ದರು. ಒಂದು ದಿನ ಅಕ್ಕ ಡಬ್ಬಿ ಹಿಡಿದುಕೊಂಡು ಬಂದಳು.

"ಕಾಲು ಜಗ್ಗುತ್ತೆ ಕಣೋ. ಈ ಬಿಳಿ ಮಾತ್ರೆ ತಗೊಳ್ಳಲಾ? ಇದು ಒಳಗೆ ಹೋಗಿ ಏನು ಮಾಡುತ್ತೆ?"

ಮೇಷ್ಟ್ರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ತಗೋ, ಏನೂ ಆಗಲ್ಲ. ಅದೆಲ್ಲ ನಿಂಗ್ಯಾಕೆ, ನಾನಿದ್ದೀನಲ್ಲ."

ಬಿಳಿ ಮಾತ್ರೆ ಎಂದರೆ ಜ್ವರದ್ದು, ಅದು ಸಣ್ಣ ನೋವಿಗೂ ಆಗುತ್ತದೆ, ಅಕ್ಕನಿಗೆ ಅಪಾಯವಿಲ್ಲ ಎಂದು ಅವರ ಎಣಿಕೆ. ಆ ಡಬ್ಬಿಯಲ್ಲಿ ಬಿಳಿಯವು ಎರಡು ಬಗೆಯಿದ್ದವು. ಒಂದರಿಂದ ಮೊಣಕಾಲಿನ ನೋವು ಅಷ್ಟಾಗಿ ತಗ್ಗಲಿಲ್ಲ, ಇನ್ನೊಂದರಿಂದ ಚೆನ್ನಾಗಿ ತಗ್ಗಿತು. ಯಾವುದರಿಂದ ತಗ್ಗುತ್ತದೋ ಅದನ್ನೇ ಅಕ್ಕ ಆರಿಸಿ ಆರಿಸಿ ನುಂಗಿದಳು. ಯಾರು ತಾನೇ ಹಾಗೆ ಮಾಡುವುದಿಲ್ಲ? ಒಂದೂವರೆ ವರ್ಷ ನುಂಗಿದಳು, ತಮ್ಮ ಪ್ರತಿವಾರ ಡಬ್ಬಿ ತುಂಬುತ್ತಾ ಹೋದ.

ಕಾಲು ಊದಿ, ಅನ್ನ ಸೇರದೆ ಹೋದಾಗ ಆಸ್ಪತ್ರೆಗೆ ಕರೆದೊಯ್ದರು. ರಕ್ತದ ವರದಿ ನೋಡಿದ ವೈದ್ಯೆ, ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದಳು. ಮೇಷ್ಟ್ರಿಗೆ ತುಸು ಅವಮಾನವೇ ಆಯಿತು. "ನಾನೇ ಔಷಧಿ ಅಂಗಡಿಯವನು. ನಮ್ಮನೇಲಿ ಅದು ಸಾಧ್ಯವೇ ಇಲ್ಲ," ಎಂದರು. ಸಂಜೆ ಮನೆಗೆ ಬಂದು, ಯಾವುದಕ್ಕೂ ಇರಲಿ ಎಂದು ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದರು. ಬೆರಳು ಸವರಿತು. ಜ್ವರದ ಮಾತ್ರೆಗಳು ಬಹುತೇಕ ಹಾಗೆಯೇ ಉಳಿದಿದ್ದವು. ನೋವಿನ ಮಾತ್ರೆ ಕೂರುವ ಗೂಡುಗಳು ಒಂದೊಂದೂ ಒಡೆದು ಖಾಲಿಯಾಗಿದ್ದವು. ಮರುದಿನ ಆ ಖಾಲಿ ತುಂಡುಗಳನ್ನು ವೈದ್ಯೆಯ ಮೇಜಿನ ಮೇಲಿಟ್ಟು, "ನಿನ್ನೆ ನಾನು ಹೇಳಿದ್ದು ಸುಳ್ಳು," ಎಂದರು. ಅದಕ್ಕೂ ಧೈರ್ಯ ಬೇಕು, ಅಷ್ಟು ಧೈರ್ಯ ಅವರಲ್ಲಿತ್ತು. ಆದರೆ ಮೂತ್ರಪಿಂಡಗಳು ಮಾತು ಕೇಳುವ ಹಂತವನ್ನು ದಾಟಿಹೋಗಿದ್ದವು.

ವಾರಕ್ಕೆ ಎರಡು ಸಲ ರಕ್ತ ಸೋಸುವ ಯಂತ್ರದ ಪಕ್ಕ ಅಕ್ಕ ನಾಲ್ಕು ತಾಸು ಮಲಗಬೇಕಾಯಿತು. ಬೈಯುತ್ತಾಳೆ ಎಂದು ಮೇಷ್ಟ್ರು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. "ಈ ಯಂತ್ರ ಏನು ಮಾಡುತ್ತೋ? ಹೇಳು," ಎಂದಳು.

ಹೇಳಿದರು. ಬೀದಿಗೆಲ್ಲ ಹೇಳಿದ ಬಾಯಿ ಅಕ್ಕನ ಮುಂದೆ ಮೊದಲ ಸಲ ತಡವರಿಸಿತು. ಅತಿ ಸೂಕ್ಷ್ಮ ರಂಧ್ರಗಳ ಪೊರೆ, ಅದರ ಈ ಕಡೆ ರಕ್ತ, ಆ ಕಡೆ ಶುದ್ಧ ದ್ರವ, ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಕಲ್ಮಶ ತಾನಾಗಿ ಸಾಗುವ ಬಗೆ. ಅಕ್ಕ ಕಣ್ಣುಮುಚ್ಚಿ ಕೇಳಿ, "ಹಾಗಾದರೆ ರಕ್ತದಲ್ಲಿರೋ ಒಳ್ಳೇದೂ ಸೋರಿ ಹೋಗಲ್ವಾ?" ಎಂದಳು.

ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಅಷ್ಟು ಮೂಲಕ್ಕೆ ಹೋಗಿ ಕೇಳಿರಲಿಲ್ಲ. ಹೀಗೆ ಕೇಳುವವಳೊಬ್ಬಳು ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ಇಷ್ಟು ಕಾಲ ಇದ್ದಳು. ತಾವು ಬಸ್ ಡ್ರೈವರನ್ನು ಅಡ್ಡಹಾಕಿ ಪಾಠ ಹೇಳುತ್ತಿದ್ದರು. "ಆವತ್ತು ಕೇಳಿದಾಗಲೇ ಹೇಳಿದ್ದಿದ್ದರೆ ನಾನೇ ನೋಡಿಕೊಂಡು ತಗೊಳ್ತಿದ್ದೆ ಕಣೋ," ಎಂದಳು ಅಕ್ಕ, ದೂರುವ ದನಿಯಲ್ಲಲ್ಲ, ಬಟ್ಟೆಯ ಅಳತೆ ಹೇಳುವಷ್ಟೇ ಸಹಜವಾಗಿ. ಎಂಟು ತಿಂಗಳು ಅವಳು ಆ ಯಂತ್ರದ ಪಕ್ಕ ಪ್ರಶ್ನೆ ಕೇಳಿದಳು, ತಮ್ಮ ಉತ್ತರ ಹೇಳಿದ. ಒಂಬತ್ತನೆಯ ತಿಂಗಳಿಗೆ ಅವಳಿರಲಿಲ್ಲ.

ಪಾಪ, ಇಂಥವರನ್ನು ನಿರ್ಲಕ್ಷ್ಯದ ಜನ ಎನ್ನಲಾಗದು. ಊರಿಗೆಲ್ಲ ವಿದ್ಯೆಯನ್ನು ಧಾರೆಯೆರೆಯುವವರು ಮನೆಯವರಿಗೆ ವಿದ್ಯೆಯ ಬದಲು "ನಾನಿದ್ದೀನಲ್ಲ" ಎಂದು ತಮ್ಮನ್ನೇ ಕೊಟ್ಟುಬಿಡುತ್ತಾರೆ, ಅಷ್ಟು ಸಾಕೆಂದು ಪ್ರಾಮಾಣಿಕವಾಗಿ ನಂಬುತ್ತಾರೆ. ಹೊರಗಿನವರು ಹತ್ತು ಸಲ ಅನುಮಾನದಿಂದ ಕೇಳಿ, ಆ ಅನುಮಾನದಿಂದಲೇ ಬದುಕಿಕೊಳ್ಳುತ್ತಾರೆ. ಮನೆಯವರು ಕೇಳುವುದು ಒಂದೇ ಸಲ, ಆಮೇಲೆ ನಂಬಿಬಿಡುತ್ತಾರೆ.