ಐದನೇ ಹಗ್ಗ

"ಮಲಗಿಸಿ ತರೋಕಾಗಲ್ಲ, ನಿಲ್ಲಿಸಬೇಕು!" ಎಂದು ದೋಣಿ ರಿಪೇರಿಯ ಮೆಕ್ಯಾನಿಕ್ ಒಳಗಿನಿಂದ ಕೂಗಿದ.

ದೋಣಿಯಿಂದ ಹೊರಗೆ ಬರಲು ಇದ್ದದ್ದು ಒಂದೇ ದಾರಿ. ಕಡಿದಾದ ಒಂದು ಏಣಿ, ಅದರ ತಲೆಗೆ ಚೌಕದ ಕಿಂಡಿ. ಬದುಕಿದ್ದವರೇ ಭುಜ ಓರೆ ಮಾಡಿಕೊಂಡು ಹತ್ತಬೇಕಾದ ಆ ಕಿಂಡಿಯಲ್ಲಿ ಈಗ ಅಮ್ಮನನ್ನು ಹೊರಗೆ ತೆಗೆಯುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆ ಮತ್ತು ಮೊಣಕಾಲಿನ ಹತ್ತಿರ ಪಟ್ಟಿ ಬಿಗಿದಿದ್ದರು. ಕೆಳಗೆ ಮೆಕ್ಯಾನಿಕ್ ಪಾದ ಹಿಡಿದಿದ್ದ, ಮೇಲೆ ಶವದ ಗಾಡಿಯ ಇಬ್ಬರು ಕಂಕುಳಿಗೆ ಕೈ ಕೊಟ್ಟು ಎಳೆಯುತ್ತಿದ್ದರು. ಫ್ರಿಜ್ಜನ್ನು ಮಹಡಿಗೆ ಏರಿಸುವವರ ಹಾಗೆ "ನಿಧಾನ, ನಿಧಾನ, ನಿನ್ನ ಕಡೆ ಸ್ವಲ್ಪ" ಎನ್ನುತ್ತಿದ್ದರು.

ಅಮ್ಮನ ತಲೆ ಕಿಂಡಿಯ ಅಂಚಿಗೆ ಬಡಿಯಿತು. ಟೊಕ್ ಎಂದಿತು.

"ಕಣ್ಣು ಕಾಣಲ್ವಾ?" ಎಂದು ಮಗಳು ಕಿರುಚಿದಳು.

"ಬೇಕಂತ ಮಾಡ್ತೀವಾ ಮೇಡಂ? ಇಂಥ ಜಾಗದಲ್ಲಿ ಯಾರೂ ಸಾಯಬಾರದು," ಎಂದ ಗಾಡಿಯವನು.

"ಬದುಕಲೂಬಾರದು," ಎಂದಳು ಅವಳು, ಅಪ್ಪನಿಗೆ ಕೇಳುವಷ್ಟು ಜೋರಾಗಿ.

ಅಪ್ಪ ಕೇಳಿಸಿಕೊಳ್ಳಲಿಲ್ಲ. ದೋಣಿಗಳ ನಡುವೆ ನೀರಿನ ಮೇಲೆ ತೇಲುತ್ತಿದ್ದ ಹಲಗೆಯ ಕಟ್ಟೆಯ ಮೇಲೆ, ಬಿಳಿ ಟೋಪಿ ಹಾಕಿಕೊಂಡು, ಕೈಗಳನ್ನು ಹಿಂದೆ ಕಟ್ಟಿ ನಿಂತಿದ್ದ. ಖಾಸಗಿ ದೋಣಿಗಳು ತಂಗುವ ಆ ಇಡೀ ಮರೀನಾದಲ್ಲಿ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ನಿವೃತ್ತನಾಗುವವರೆಗೆ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ. "ಮೊದಲು ತಲೆ, ಆಮೇಲೆ ಭುಜ. ದೋಣೀಲಿ ಯಾವಾಗಲೂ ಹಾಗೇ," ಎಂದು ನಿರ್ದೇಶನ ಕೊಟ್ಟ.

ಅಮ್ಮ ಹಿಂದಿನ ಸಂಜೆ ಒಗೆದ ಬಟ್ಟೆ ಮಡಿಸುತ್ತಾ ಕೂತವಳು ಕೂತ ಹಾಗೆಯೇ ಪಕ್ಕಕ್ಕೆ ವಾಲಿದ್ದಳು. "ದೋಣಿ ವಾಲ್ತೇನೋ ಅಂದ್ಕೊಂಡೆ ಕಣೇ," ಎಂದಿದ್ದ ಅಪ್ಪ ಫೋನಿನಲ್ಲಿ. ಇಡೀ ರಾತ್ರಿ ಬಸ್ಸಿನಲ್ಲಿ ಮಗಳಿಗೆ ಆ ಒಂದು ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು.

ಶವದ ಗಾಡಿಯ ಸ್ಟ್ರೆಚರಿನ ಸಣ್ಣ ಚಕ್ರಗಳು ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡವು. ಕೊನೆಗೆ ಮರೀನಾದ ಕೈಗಾಡಿಯನ್ನೇ ತಂದರು. ಅಮ್ಮ ಬಟ್ಟೆ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು ಎಳೆಯುತ್ತಿದ್ದದ್ದು ಅದರಲ್ಲೇ. ಅದರ ಒಂದು ಚಕ್ರ ಕಿರ್ ಕಿರ್ ಎನ್ನುತ್ತಿತ್ತು. ಆ ಸದ್ದು ಕೇಳಿ ಅಕ್ಕಪಕ್ಕದ ದೋಣಿಗಳವರು ಅಭ್ಯಾಸಬಲದಿಂದ ತಲೆಯೆತ್ತಿ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

* * *

ಮನೆ ಮಾರಿ ದೋಣಿ ಕೊಂಡದ್ದು ಅಪ್ಪನ ಆಸೆ. ಊರೂರು ಬಂದರು ಸುತ್ತಿ ಭೂಮಿಗೇ ಒಂದು ಪ್ರದಕ್ಷಿಣೆ ಹಾಕುತ್ತೇನೆಂದು ಕಚೇರಿಯಲ್ಲಿ ಎಲ್ಲರಿಗೂ ಸಾರಿದ್ದ. ಮೊದಲ ಪ್ರಯಾಣದಲ್ಲೇ ಗಾಳಿ ಎದ್ದಿತು, ಎಂಜಿನ್ನು ಕೆಟ್ಟಿತು. ಯಾರೋ ಮೀನುಗಾರರು ಎಳೆದು ತಂದು ಈ ಮರೀನಾದಲ್ಲಿ ಬಿಟ್ಟರು. ಅಮ್ಮ ವಾಂತಿ ಮಾಡಿ ಮಾಡಿ ಹಿಂಡಿದ ಬಟ್ಟೆಯ ಹಾಗಾಗಿದ್ದಳು.

"ಎರಡೇ ವಾರ," ಎಂದಿದ್ದ ಅಪ್ಪ. "ಎಂಜಿನ್ನು ರೆಡಿ ಆದ ಕೂಡ್ಲೇ ಹೊರಡೋದು."

ಆ ಎರಡು ವಾರ ಒಂಬತ್ತು ವರ್ಷವಾಯಿತು.

ಬೆಳಿಗ್ಗೆ ಪೈಪು ಎಳೆದು ಟ್ಯಾಂಕಿಗೆ ನೀರು ತುಂಬುವುದು. ಸ್ನಾನದ ಸಾಲಿನಲ್ಲಿ ಟವೆಲು ಹೆಗಲಿಗೆ ಹಾಕಿ ನಿಲ್ಲುವುದು. ಹಾಸಿಗೆ ಮಡಿಸಿದರೆ ಊಟದ ಮೇಜು, ಮೇಜು ಮಡಿಸಿದರೆ ಹಾಸಿಗೆ. ಬೂಷ್ಟು ಹಿಡಿದ ದಿಂಬನ್ನು ಹಾಯಿಕಂಬಕ್ಕೆ ಕಟ್ಟಿ ಒಣಗಿಸುವುದು. ಇಷ್ಟೂ ಅಮ್ಮನ ಪಾಲು. ಅಪ್ಪನ ಪಾಲಿಗೆ ನಕ್ಷೆಗಳು. ಸಂಜೆ ಅವನ್ನು ಹರಡಿಕೊಂಡು ಹೊಸದಾಗಿ ಬಂದ ದೋಣಿಯವರಿಗೆ ದಾರಿ ಹೇಳುತ್ತಿದ್ದ. ಅವನು ಹೇಳಿದ ದಾರಿಯಲ್ಲಿ ಅವರು ಹೋಗಿ, ಎರಡು ಸುತ್ತು ಹಾಕಿ, ಮತ್ತೆ ಬಂದು ಅವನನ್ನು ಅಲ್ಲೇ ಕಾಣುತ್ತಿದ್ದರು.

"ಏನಿಲ್ಲ, ಇವಳ ಆರೋಗ್ಯ," ಎನ್ನುತ್ತಿದ್ದ ಆಗ, ಕಿಂಡಿಯ ಕಡೆ ಗಲ್ಲ ತೋರಿಸಿ. "ಒಬ್ಬನೇ ಇದ್ದಿದ್ರೆ ಇಷ್ಟೊತ್ತಿಗೆ ಎಲ್ಲಿರ್ತಿದ್ನೋ."

ಮಗಳು ಫೋನು ಮಾಡಿದಾಗ ಅಮ್ಮ ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟುಕೊಂಡು ಕೂತಿರುತ್ತಿದ್ದಳು.

"ಏನ್ ಮಾಡ್ತಿದೀಯಮ್ಮ?"

"ಲೋಟದ ನೀರು ನೋಡ್ತಿದೀನಿ. ಒಂದ್ಸಲನಾದ್ರೂ ಸುಮ್ನೆ ನಿಂತೀತಾ ಅಂತ."

"ನನ್ ಮನೆಗೆ ಬಂದ್ಬಿಡು."

"ನಿಮ್ಮಪ್ಪ ಒಬ್ರೇ ಆಗ್ತಾರೆ." ಆಮೇಲೆ, "ನಾನು ಸತ್ರೆ ಮಾತ್ರ ನೀರಿಗೆ ಹಾಕಿಸ್ಬೇಡ ಕಣೇ. ಅಲ್ಲಾಡದೇ ಇರೋ ಕಡೆ ಇಡು. ಅಷ್ಟು ಮಾಡು ಸಾಕು."

"ಬಿಡ್ತು ಅನ್ನು," ಎಂದು ಮಗಳು ಬೈದಿದ್ದಳು. ಆದರೆ ಹೂಂ ಎಂದಿದ್ದಳು.

* * *

ವಿದ್ಯುತ್ ಚಿತಾಗಾರದ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮರೀನಾದವರು ಹತ್ತು ಹನ್ನೆರಡು ಜನ ಬಂದಿದ್ದರು. ಬೂದಿ ಸಿಗಲು ಮಧ್ಯಾಹ್ನವಾಗುತ್ತದೆ ಎಂದರು. ಅಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಅವಳು ಸಮುದ್ರದ ಮಗಳು," ಎಂದ. "ಅವಳ ಕೊನೆ ಆಸೆ ನನಗೆ ಗೊತ್ತು. ಇವತ್ತು ಸಂಜೆ ನಮ್ಮ ದೋಣಿಯಲ್ಲೇ ಹೊರಡ್ತೀವಿ. ಅಲೆ ತಡೆಯೋ ಕಲ್ಲುಗೋಡೆ ದಾಟಿ, ತೆರೆದ ಸಮುದ್ರದಲ್ಲಿ ಅವಳನ್ನ ಬಿಡ್ತೀನಿ."

ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಮಗಳು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಯಾರು ಹೇಳಿದ್ದು ನಿಂಗೆ ಈ ಕೊನೆ ಆಸೆ?"

"ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ. ಹೇಳಬೇಕಾ?"

"ನೀರಿಗೆ ಹಾಕ್ಬೇಡಿ ಅಂದಿದ್ಲು. ನನ್ ಹತ್ರ, ಬಾಯಿಬಿಟ್ಟು."

"ಏನೋ ಸಿಟ್ಟಲ್ಲಿ ಅಂದಿರ್ತಾಳೆ."

"ಅಪ್ಪಾ, ಅವಳು ಸಮುದ್ರ ಅಂದ್ರೆ ವಾಂತಿ ಮಾಡೋಳು!"

"ಮೆಲ್ಲಗೆ ಮಾತಾಡು. ಜನ ಇದಾರೆ." ಅವನು ಟೋಪಿ ಸರಿಮಾಡಿಕೊಂಡ. "ಒಂದು ಸಲ ಎಲ್ಲರ ಮುಂದೆ ಹೇಳಿಯಾಯ್ತು. ಈಗ ಹಿಂದೆ ಸರಿಯೋಕಾಗಲ್ಲ."

ಅವನಿಗೆ ಹಿಂದೆ ಸರಿದು ಗೊತ್ತಿರಲಿಲ್ಲ, ನಿಜ. ಮುಂದೆ ಹೋಗಿಯೂ ಗೊತ್ತಿರಲಿಲ್ಲ.

* * *

ದೋಣಿಗೆ ನಾಲ್ಕು ಹಗ್ಗ ಸಾಕು. ಮೂತಿಗೆ, ಬಾಲಕ್ಕೆ, ನಡುವಿಗೆ ಎರಡು. ಇದು ಮರೀನಾದಲ್ಲಿ ಮಕ್ಕಳಿಗೂ ಗೊತ್ತು. ಅಮ್ಮ ಮೊದಲ ವರ್ಷವೇ ಐದನೆಯದೊಂದನ್ನು ಸೇರಿಸಿದ್ದಳು. ಹಳೆಯ ನೈಲಾನ್ ಹಗ್ಗವನ್ನು ಎಲ್ಲಿಂದಲೋ ಹೆಕ್ಕಿ ತಂದು, ದೋಣಿಯ ಬಾಲದಿಂದ ಕಟ್ಟೆಯ ಕಬ್ಬಿಣದ ಬಳೆಗೆ ಬಿಗಿದಿದ್ದಳು. ನಾವಿಕರ ಗಂಟು ಎಳೆದರೆ ನಿಲ್ಲಬೇಕು, ತಳ್ಳಿದರೆ ಬಿಚ್ಚಬೇಕು. ಅಮ್ಮನ ಗಂಟು ಹಾಗಲ್ಲ. ಮೂಟೆಯ ಬಾಯಿಗೆ ಕಟ್ಟುವ ಹಾಗೆ ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು. ಬಿಸಿಲಿಗೆ, ಉಪ್ಪಿಗೆ ಅದು ಕಲ್ಲಾಗಿತ್ತು.

ಒಮ್ಮೆ ಮಗಳು ಬಂದಿದ್ದಾಗ ಅಪ್ಪ ಗಂಟು ಬಿಡಿಸುವ ದಬ್ಬಳದಂಥ ಕಬ್ಬಿಣದ ಮುಳ್ಳು ಹಿಡಿದು ಆ ಗಂಟಿನ ಜೊತೆ ಗುದ್ದಾಡುತ್ತಿದ್ದ. "ನಿಮ್ಮಮ್ಮನ ಬ್ರಹ್ಮಗಂಟು ನೋಡು," ಎಂದು ಪಕ್ಕದ ದೋಣಿಗಳಿಗೆ ಕೇಳುವ ಹಾಗೆ ನಕ್ಕಿದ್ದ. "ನನ್ನ ಕಟ್ಟಿ ಹಾಕಿದಾಳೆ. ದನ ಕಟ್ಟಿದ ಹಾಗೆ." ಸುತ್ತಲಿನವರೂ ನಕ್ಕಿದ್ದರು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತಿರಲಿಲ್ಲ. ಸಂಜೆ ಕಟ್ಟೆಗೆ ಇಳಿದು ಆ ಹಗ್ಗವನ್ನು ಪಾದದಿಂದ ಎರಡು ಸಲ ಒತ್ತಿ ಬಿಗಿ ನೋಡಿ ಒಳಗೆ ಹೋಗಿದ್ದಳು. ಪ್ರತಿ ಸಂಜೆ ಹಾಗೆಯೇ ಮಾಡುತ್ತಿದ್ದಳು.

ಮಗಳಿಗೂ ಅವತ್ತು ಅಮ್ಮನ ಮೇಲೇ ಸಿಟ್ಟು ಬಂದಿತ್ತು. ಬೇಡವಾದರೆ ಬೇಡ ಅನ್ನಬೇಕು, ಇಲ್ಲ ಹೋಗಲು ಬಿಡಬೇಕು. ಈ ಹಗ್ಗದ ಆಟ ಯಾಕೆ?

* * *

ಮಧ್ಯಾಹ್ನ ಬೂದಿಯ ಪೆಟ್ಟಿಗೆ ತಂದರು. ಅಪ್ಪ ಅದನ್ನು ದೋಣಿಯ ಚುಕ್ಕಾಣಿಯ ಪಕ್ಕದ ಸೀಟಿನಲ್ಲಿಟ್ಟು ಎಂಜಿನ್ನಿನ ಡೀಸೆಲ್ ನೋಡಲು ಹೋದ. ಮಗಳು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಮುಖ ತೊಳೆದುಕೊಂಡಳು. ಅಲ್ಲಿ ನೀಲಿ ದೋಣಿಯ ಹೆಂಗಸು ಅಮ್ಮ ಮಡಿಸದೆ ಬಿಟ್ಟುಹೋದ ಬಟ್ಟೆಗಳನ್ನು ದೋಣಿಯಿಂದ ತಂದು ಮಡಿಸುತ್ತಿದ್ದಳು. ಅಮ್ಮನಿಗೆ ಇಲ್ಲಿ ಇದ್ದ ಒಬ್ಬಳೇ ಗೆಳತಿ. ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದ.

"ಎಂಜಿನ್ನು ಓಡುತ್ತಾ?" ಎಂದು ಮಗಳು ಅವನನ್ನು ಕೇಳಿದಳು. ಓಡುವುದಿಲ್ಲ ಎಂಬ ಉತ್ತರ ಬೇಕಿತ್ತು ಅವಳಿಗೆ.

"ಓಡದೆ ಏನಮ್ಮ. ಹೇಳಿದ ಹಾಗೆ ಎರಡೇ ವಾರಕ್ಕೆ ರೆಡಿ ಮಾಡಿ ಕೊಟ್ಟಿದ್ನಲ್ಲ."

"ಯಾವ ಎರಡು ವಾರ?"

"ಅದೇ, ನಿಮ್ಮಪ್ಪ ಅಮ್ಮ ಬಂದ ವರ್ಷ. ಅವತ್ತಿಂದ ಇವತ್ತಿನವರೆಗೂ ಸರಿಯಾಗೇ ಇದೆ. ನಿಮ್ಮಮ್ಮ ತಪ್ಪದೆ ಸ್ಟಾರ್ಟ್ ಮಾಡಿ ಬಿಡೋರು, ತುಕ್ಕು ಹಿಡೀಬಾರದು ಅಂತ."

ಮಗಳು ನಲ್ಲಿ ನಿಲ್ಲಿಸಿದಳು. "ಮತ್ಯಾಕೆ ಹೋಗ್ಲಿಲ್ಲ?"

ಮೆಕ್ಯಾನಿಕ್ ಟೀ ಲೋಟದೊಳಗೆ ನೋಡಿದ. ಉತ್ತರ ಕೊಟ್ಟದ್ದು ನೀಲಿ ದೋಣಿಯವಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮಪ್ಪನಿಗೆ ಪುಕ್ಕಲು ಕಣಮ್ಮ. ಮೊದಲ ಸಲ ಗಾಳಿ ಹೊಡೀತಲ್ಲ, ಆವಾಗ್ಲೇ ಮುಗೀತು. ಚುಕ್ಕಾಣಿ ಬಿಟ್ಟು ಕೆಳಗೆ ಹೋಗಿ ಮುಸುಕು ಹಾಕ್ಕೊಂಡು ಮಲಗಿದ್ರಂತೆ. ವಾಂತಿ ಮಾಡ್ತಾ ಚುಕ್ಕಾಣಿ ಹಿಡಿದೋಳು ನಿಮ್ಮಮ್ಮ."

"ಅಮ್ಮ ನನಗೆ ಹೇಳ್ಲೇ ಇಲ್ಲ."

"ನನಗೂ ಬೇಗ ಹೇಳ್ಲಿಲ್ಲ. ಒಂದಿನ ನಾನೇ ರೇಗಿದೆ. ಅಲ್ವೇ, ಆ ಹಾಳು ಹಗ್ಗ ಯಾಕೆ ಕಟ್ಟಿದೀಯ, ಊರೆಲ್ಲ ನಿನ್ನೇ ಬೈಯುತ್ತೆ ಅಂತ. ಅದಕ್ಕವಳು, 'ನಮ್ಮನೆಯೋರಿಗೆ ಹೇಳ್ಕೊಳ್ಳೋಕೆ ಏನಾದ್ರೂ ನೆಪ ಬೇಕಲ್ಲ' ಅಂದ್ಲು." ಅವಳು ಅಮ್ಮನ ರವಿಕೆಯೊಂದನ್ನು ಬೇಕಿಲ್ಲದಷ್ಟು ಜೋರಾಗಿ ಕೊಡವಿದಳು. "ನಾನಾಗಿದ್ರೆ ಅದೇ ಹಗ್ಗ ಅವನ ಕುತ್ತಿಗೆಗೆ ಕಟ್ತಿದ್ದೆ."

ಮಗಳು ಒದ್ದೆ ಮುಖದಲ್ಲೇ ನಿಂತಿದ್ದಳು. ಅಳು ಬರಲಿಲ್ಲ. ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಇದ್ದ ಸಿಟ್ಟು ಏನೂ ಅಲ್ಲ ಎನ್ನುವಂಥ ಸಿಟ್ಟು ಅದು.

* * *

ಸಂಜೆ ಎಲ್ಲರೂ ಕಟ್ಟೆಯ ಮೇಲೆ ಸೇರಿದರು. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅಪ್ಪನ ಮುಖ ಒಂದು ಕ್ಷಣ ಇಳಿದದ್ದನ್ನು ಮಗಳು ನೋಡಿದಳು. ಆಮೇಲೆ ಅವನು ದನಿ ಏರಿಸಿದ. "ಮೂತಿ ಹಗ್ಗ ಬಿಚ್ಚಿ!" ಬಿಚ್ಚಿದರು. "ನಡು!" ಬಿಚ್ಚಿದರು. "ಬಾಲ!" ನಾಲ್ಕೂ ಹೋದವು. ಇಬ್ಬರು ದೋಣಿಯನ್ನು ಕೈಯಿಂದ ಹಿಡಿದು ನಿಂತರು.

ಅಪ್ಪ ಕಟ್ಟೆಗೆ ಇಳಿದು ಕಬ್ಬಿಣದ ಬಳೆಯ ಮುಂದೆ ಮಂಡಿಯೂರಿದ. ಉಗುರು ಹಾಕಿ ಎಳೆದ. ಮುಳ್ಳು ತೂರಿಸಿದ. ಗಂಟು ಜಗ್ಗಲಿಲ್ಲ. ಅವನ ಹೆಗಲು ನಿಧಾನವಾಗಿ ಸಡಿಲವಾಯಿತು.

"ಬ್ರಹ್ಮಗಂಟು ನೋಡ್ರಪ್ಪ," ಎಂದ, ತಲೆಯೆತ್ತಿ ನಗುತ್ತಾ. "ಸತ್ತ ಮೇಲೂ ಬಿಡಲ್ಲ ಅಂತಾಳೆ ನನ್ನ."

ಯಾರೋ ಒಬ್ಬರು ಮೆಲ್ಲಗೆ ನಕ್ಕರು. ಇನ್ಯಾರೋ "ಪಾಪ" ಎಂದರು. ಮಗಳು ದೋಣಿ ಹತ್ತಿ, ಕಿಂಡಿಯಲ್ಲಿ ಭುಜ ಓರೆ ಮಾಡಿ ಇಳಿದು, ಅಮ್ಮನ ತರಕಾರಿ ಚಾಕು ತಂದಳು. ಅಮ್ಮ ಅದನ್ನು ಸಿಮೆಂಟಿನ ಅಂಚಿಗೆ ಉಜ್ಜಿ ಉಜ್ಜಿ ಬಾಲಚಂದ್ರನ ಹಾಗೆ ಸವೆಸಿದ್ದಳು. ಕೂದಲು ಸೀಳುವಷ್ಟು ಹರಿತವಿತ್ತು.

"ತಗೋ," ಎಂದು ಹಿಡಿಯ ಕಡೆಯಿಂದ ಕೊಟ್ಟಳು. "ಕತ್ತರಿಸು."

ನೀಲಿ ದೋಣಿಯವಳು ಬೆಚ್ಚಿ ಅವಳನ್ನು ನೋಡಿದಳು. ಅಪ್ಪನೂ ನೋಡಿದ.

"ನೀನೇ ಬೇಡ ಅಂತಿದ್ದೆ?"

"ಅವಳ ಕೊನೆ ಆಸೆ ಅಂದ್ಯಲ್ಲ. ನಾನ್ಯಾರು ಬೇಡ ಅನ್ನೋಕೆ? ಎಂಜಿನ್ನು ಓಡ್ತಿದೆ. ಕಟ್ಟಿ ಹಾಕಿದೋಳು ಇಲ್ಲ. ಹೋಗು."

ಅವನು ಕತ್ತರಿಸಿಬಿಟ್ಟರೆ ಅಮ್ಮ ನೀರು ಪಾಲು. ಕೊಟ್ಟ ಮಾತೂ ನೀರು ಪಾಲು.

ಅಪ್ಪ ಚಾಕು ತೆಗೆದುಕೊಂಡ. ಹಗ್ಗದ ಮೇಲೆ ಇಟ್ಟ. ಒಂದು ಎಳೆ ಪಟ್ಟೆಂದು ಬಿಚ್ಚಿಕೊಂಡಿತು. ಅವನು ಕಲ್ಲುಗೋಡೆಯ ಕಡೆ ಕಣ್ಣೆತ್ತಿದ. ಗೋಡೆಯ ನಡುವಿನ ಸಂದಿಯಾಚೆ ನೀರು ಬಿಳಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಟೋಪಿಯ ಕೆಳಗಿನಿಂದ ಬೆವರು ಇಳಿದು ಅವನ ಕಿವಿಯ ಹಿಂದೆ ಹೋಯಿತು.

"ಒಳ್ಳೇ ಹಗ್ಗ ಕಣೇ ಇದು," ಎಂದ ಕೊನೆಗೆ. "ಕತ್ತರಿಸಿದ್ರೆ ದಂಡ."

"ಅಪ್ಪಾ."

"ಗಾಳಿ ಬೇರೆ ತಿರುಗ್ತಿದೆ. ನಾಳೆ ನೋಡೋಣ."

ದೋಣಿ ಹಿಡಿದಿದ್ದವರು ಎಲ್ಲಿ ನೋಡುವುದೆಂದು ತಿಳಿಯದೆ ನೀರು ನೋಡಿದರು. ಮೆಕ್ಯಾನಿಕ್ ಕೆಮ್ಮಿದ. ಮಗಳು ದೋಣಿ ಹತ್ತಿ ಎಂಜಿನ್ನು ಆರಿಸಿದಳು. ಒಳಗಿಳಿದು ಸ್ಟೀಲ್ ಲೋಟಕ್ಕೆ ನೀರು ತುಂಬಿಕೊಂಡಳು. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಇಳಿದಳು. ಮಂಡಿಯೂರಿ ಕೂತಿದ್ದವನನ್ನು ಸುತ್ತಿ ಬಳಸಿ, ಹಲಗೆಗಳ ಮೇಲೆ ನಡೆದು, ದಡ ಹತ್ತಿದಳು.

ಬಟ್ಟೆ ಒಗೆಯುವ ಕೋಣೆಯ ಹಿಂದೆ ಗೋಡೆಯುದ್ದಕ್ಕೂ ಒಂದು ಮೊಳ ಅಗಲದ ಮಣ್ಣಿನ ಪಟ್ಟಿ. ತೇಲುವ ಕಟ್ಟೆಯ ಮೇಲೆ ಕುಂಡ ಇಡುವಂತಿಲ್ಲ ಎಂದು ಮರೀನಾದ ಮ್ಯಾನೇಜರ್ ಬೈದ ಮೇಲೆ ಅಮ್ಮ ಅಲ್ಲಿ ಟೊಮೆಟೊ ಹಾಕಿದ್ದಳು. ನೀಲಿ ದೋಣಿಯವಳು ಹಿಂದೆಯೇ ಬಂದು ಒಂದು ಹಳೆಯ ಸೌಟು ಕೊಟ್ಟಳು.

"ಮ್ಯಾನೇಜರ್ ನೋಡಿದ್ರೆ?"

"ನೋಡ್ಲಿ," ಎಂದಳು ಮಗಳು.

ಇಬ್ಬರೂ ಸೇರಿ ಅಗೆದರು. ಮಣ್ಣು ಸೋಪಿನ ನೀರು ಕುಡಿದು ಗಟ್ಟಿಯಾಗಿತ್ತು. ಸೌಟು ಬಾಗಿತು, ತಿರುಗಿಸಿ ನೆಟ್ಟಗೆ ಮಾಡಿ ಮತ್ತೆ ಅಗೆದರು. ಬೂದಿ ಸುರಿದು ಮಣ್ಣು ಎಳೆದು ಅಂಗೈಯಿಂದ ತಟ್ಟಿದರು. ಲೋಟವನ್ನು ಮಗಳು ಗೋಡೆಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅದರ ನೀರು ಕನ್ನಡಿಯ ಹಾಗೆ ನಿಂತಿತ್ತು.

ಅಲ್ಲಿಂದ ದೋಣಿಗಳು ಕಾಣುತ್ತಿದ್ದವು. ಜನ ಚದುರಿದ್ದರು. ಅಪ್ಪ ಒಬ್ಬನೇ ಹಗ್ಗ ಕಟ್ಟುತ್ತಿದ್ದ. ಮೂತಿ, ನಡು, ಬಾಲ, ಒಂದೊಂದಾಗಿ, ನಾವಿಕರ ಗಂಟು ಹಾಕಿ, ಅಚ್ಚುಕಟ್ಟಾಗಿ. ಆಮೇಲೆ ಐದನೆಯದರ ಹತ್ತಿರ ಬಂದ. ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದ. ಪಾದ ಎತ್ತಿ ಅದನ್ನು ಒತ್ತಿದ, ಒಂದು ಸಲ, ಇನ್ನೊಂದು ಸಲ, ಬಿಗಿ ನೋಡಿ, ತಲೆ ಬಗ್ಗಿಸಿ ಕಿಂಡಿಯೊಳಗೆ ಇಳಿದುಹೋದ.