ಜಲಜಳ ಕೈಗುಣ

ತಾಯಿಯ ಎಡಗಾಲಿಗೆ ಅರಿಸಿನ ಹಚ್ಚುತ್ತ ಮೊಣಕಾಲಿನ ಕೆಳಗೆ ಬಂದಾಗ ಕಮಲಳ ಹೆಬ್ಬೆರಳು ತಾನಾಗಿಯೇ ಒಂದು ಕಡೆ ನಿಂತು ಒತ್ತಿತು. ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಎಲುಬಿನ ಹೊರಮಗ್ಗುಲು. ಅವಳು ಕೈ ತೆಗೆದು ಸುತ್ತ ನೋಡಿದಳು. ಚೆಂಬಿನಿಂದ ನೀರು ಹೊಯ್ಯುತ್ತಿದ್ದ ನೆರೆಮನೆಯ ಗಿರಿಜಾ ಅದನ್ನು ಕಂಡ ಹಾಗಿರಲಿಲ್ಲ.

"ಸಮ ಹಚ್ಚ್, ಹೆಣೆ," ಎಂದಳು ಗಿರಿಜಾ. "ಊರಿಡೀ ಒತ್ತಿದ್ ಹೆಂಗ್ಸ್. ಅವ್ಳ್ ಮೈ ಒಬ್ರೂ ಒತ್ಲಿಲ್ಲ."

ಅದು 1969ರ ಮೇ 27, ಮಂಗಳವಾರ. ಸಾಲಿಗ್ರಾಮದ ಹೆದ್ದಾರಿಯಿಂದ ಅರ್ಧ ಮೈಲಿ ಪಶ್ಚಿಮಕ್ಕಿದ್ದ ಆ ಮನೆಯಲ್ಲಿ ಜಲಜ ಪೂಜಾರ್ತಿ ಬೆಳಿಗ್ಗೆ ಐದಕ್ಕೆ ತೀರಿಕೊಂಡಿದ್ದಳು. ವಯಸ್ಸು ನಲವತ್ತಮೂರು. ಆರು ವರ್ಷದಿಂದ ಅವಳು ಕೋಟದಿಂದ ಬ್ರಹ್ಮಾವರದವರೆಗಿನ ದಣಿದ ಹೆಂಗಸರ ಮೈ ಒತ್ತಿದ್ದಳು. ಮಲಗಿ ಎದ್ದರೂ ಸುಸ್ತು ಇಳಿಯದವರು, ಡಾಕ್ಟರು ಕಾಯಿಲೆ ಏನೂ ಇಲ್ಲವೆಂದು ಕಳಿಸಿದವರು, ಮನೆಯವರಿಂದ ಸೋಂಬೇರಿ ಅನ್ನಿಸಿಕೊಂಡವರು ಬರುತ್ತಿದ್ದರು. ಎಣ್ಣೆ ಇಲ್ಲ, ಸೊಪ್ಪಿಲ್ಲ. ಬಟ್ಟೆಯ ಮೇಲಿಂದಲೇ ಹೆಬ್ಬೆರಳಿನ ಕೆಲಸ. ಎಲ್ಲರಿಗೂ ಗುಣವಾಗಲಿಲ್ಲ, ಆದರೆ ಆದವರು ಬಹಳ. ಊರು ಅದನ್ನು ಕೈಗುಣ ಎಂದಿತು. ಕೈಗುಣ ತಾಯಿಯಿಂದ ಮಗಳಿಗೆ ಇಳಿಯುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಳಿದಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗಬೇಕಿತ್ತು.

ಜೂನ್ 16ಕ್ಕೆ ಕಮಲ ಮಂಗಳೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಬೇಕಿತ್ತು. ಒಪ್ಪಿಗೆ ಪತ್ರಕ್ಕೆ ಸೋದರಮಾವ ಮಂಜ ಸಹಿ ಹಾಕುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಯಾರು ಕೇಳಿದರೂ 'ನಂಗೆ ಬತ್ತಿಲ್ಲ' ಅನ್ನು ಎಂದು ತಾಯಿ ಹೇಳಿಕೊಟ್ಟಿದ್ದಳು.

*

ಜಲಜ ಅದನ್ನು ಕಲಿತದ್ದು ಬೊಂಬಾಯಿಯ ಮಜಗಾಂವ್‌ನ ಚಾಳಿನಲ್ಲಿ. ಗಂಡ ಶೀನ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. 1956ರಲ್ಲಿ ಎರಡನೆಯ ಮಗು ಹುಟ್ಟಿ ತೀರಿದ ಮೇಲೆ ಅವಳಿಗೆ ಕೊಡಪಾನ ಎತ್ತಲು ಆಗುತ್ತಿರಲಿಲ್ಲ. ವರ್ಷ ಕಳೆದರೂ ಹಾಗೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಚೀನೀ ಮುದುಕಿ, ಹಲ್ಲು ಕಟ್ಟುವವನ ತಾಯಿ, ಒಂದು ಮಧ್ಯಾಹ್ನ ಬಂದು ಅವಳ ಕಾಲು ಹಿಡಿದಳು. ಮೊಣಕಾಲಿನ ಕೆಳಗೆ ಒತ್ತಿ, ಮೂರು ಬೆರಳು ತೋರಿಸಿ, ಕೋಣೆಯ ಉದ್ದಕ್ಕೆ ನಡೆದಳು. ದಣಿದವನು ಇಲ್ಲಿ ಒತ್ತಿಸಿಕೊಂಡರೆ ಇನ್ನೂ ಮೂರು ಮೈಲಿ ನಡೆಯುತ್ತಾನೆ ಎಂದು ಮಗ ಹಿಂದಿಯಲ್ಲಿ ಬಿಡಿಸಿ ಹೇಳಿದ. ಕಾಲಾದ ಮೇಲೆ ಅಂಗೈ, ಕತ್ತಿನ ಬುಡ, ಬೆನ್ನೆಲುಬಿನ ಎರಡು ಬದಿ. ನಾಲ್ಕು ತಿಂಗಳಲ್ಲಿ ಜಲಜ ಎದ್ದು ಓಡಾಡಿದಳು. ಎರಡು ವರ್ಷದಲ್ಲಿ ಕಲಿತಳು.

ಚೀನದ ಜತೆ ಯುದ್ಧ ನಡೆಯುತ್ತಿದ್ದ 1962ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಆ ಕೋಣೆಗೆ ಬೀಗ ಬಿದ್ದಿತ್ತು; ತಾಯಿ ಮಗ ಇಬ್ಬರನ್ನೂ ಪೊಲೀಸರು ಒಯ್ದಿದ್ದರು. ಅವರ ಜತೆ ಯಾರಿಗೆ ಬಳಕೆ ಇತ್ತೆಂದು ಪೊಲೀಸರು ಚಾಳಿನವರನ್ನು ಕೇಳಿದಾಗ ಜಲಜ ತನಗಿಲ್ಲ ಎಂದಳು. ಮರುವರ್ಷ ಶೀನ ಕ್ಷಯದಿಂದ ತೀರಿ ಅವಳು ಊರಿಗೆ ಬಂದ ಮೇಲೂ ಆ ಹೆದರಿಕೆ ಹೋಗಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದವರಿಗೆ, ಕಲಿತದ್ದಲ್ಲ, ಕೈಯಲ್ಲೇ ಇದ್ದದ್ದು ಎಂದಳು. ಜಾಗದ ಒಡತಿ ಕುಸುಮಾವತಿ ಶೆಡ್ತಿ ಆ ಕೈಗಾಗಿ ತಮ್ಮ ಹಿತ್ತಿಲ ಮನೆ ಬಿಟ್ಟುಕೊಟ್ಟರು. ಆಮೇಲೆ ಅವಳಿಗೆ ಒಂದು ಮಧ್ಯಾಹ್ನವೂ ಬಿಡುವಿರಲಿಲ್ಲ.

ಕೊನೆಯ ಎರಡು ವರ್ಷ ಹಳೆಯ ಸುಸ್ತು ಅವಳಿಗೇ ಮರಳಿತು. ಬಾಗಿಲು ಹಾಕಿಕೊಂಡು ಮಗಳಿಂದ ಒತ್ತಿಸಿಕೊಂಡಳು. ಎಲ್ಲಿ, ಎಷ್ಟು ಹೊತ್ತು ಎಂದು ಹೇಳುತ್ತ ಹೇಳುತ್ತ ಎಲ್ಲವನ್ನೂ ಕಲಿಸಿಬಿಟ್ಟಿದ್ದು ತಡವಾಗಿ ಅವಳ ಗಮನಕ್ಕೆ ಬಂತು.

"ಯಾರಿಗೂ ಹೇಳ್ಬೇಡ ಮಗಾ," ಎಂದಳು. "ಗೊತ್ತಾರೆ ನಿನ್ನ ಬಿಡುದಿಲ್ಲ."

*

ಹನ್ನೊಂದಕ್ಕೆ ಮಂಜ ಹಿತ್ತಿಲಿನಾಚೆ ಗದ್ದೆಯ ಬದಿಯಲ್ಲಿ ಚಿತೆಗೆ ಬೆಂಕಿ ಕೊಟ್ಟ. ಹೆಂಗಸರು ಜಗಲಿಯಲ್ಲಿ ಕುಳಿತಿದ್ದರು. ಬಿಸಿಲಿನಲ್ಲಿ ನಡೆದು ಬಂದಿದ್ದ ಕುಸುಮಾವತಿ ಶೆಡ್ತಿಯವರ ಮುಖ ಬೆವರಿ, ಬಿಳಿಚಿ, ತಲೆ ಪಕ್ಕಕ್ಕೆ ವಾಲಿತು. ಗಿರಿಜಾ ಗಾಳಿ ಹಾಕಿದಳು, ನೀರು ಚಿಮುಕಿಸಿದಳು. ಕಣ್ಣು ತೆರೆಯಲಿಲ್ಲ. ಎಲ್ಲರೂ ಬಾಗಿಲಲ್ಲಿ ನಿಂತ ಕಮಲಳನ್ನು ನೋಡಿದರು.

"ನಿಂಗೆ ಬತ್ತಾ, ಹೆಣೆ?" ಎಂದಳು ಗಿರಿಜಾ.

"ನಂಗೆ ಬತ್ತಿಲ್ಲ."

ಶೆಡ್ತಿಯವರ ಉಸಿರು ಸಣ್ಣಗಾಗುತ್ತಿತ್ತು. ಕಮಲಳಿಗೆ ಹಾಗೇ ನಿಲ್ಲಲಾಗಲಿಲ್ಲ. ಅವರನ್ನು ನೆಲಕ್ಕೆ ಮಲಗಿಸಿ, ಕಾಲಡಿಗೆ ಮಣೆ ಕೊಟ್ಟು, ಮೂಗಿನ ಕೆಳಗೆ ಒತ್ತಿದಳು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದಳು, ಮೊಣಕಾಲಿನ ಕೆಳಗೆ ಒತ್ತಿದಳು. ಐದು ನಿಮಿಷಕ್ಕೆ ಶೆಡ್ತಿ ಕಣ್ಣು ತೆರೆದು "ಜಲಜ" ಎಂದರು. ಆಮೇಲೆ ಮುಖ ಗುರುತಿಸಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಮಾ, ಇದ್ ಕೈಗುಣ ಅಲ್ಲ," ಎಂದಳು ಕಮಲ. "ಅಬ್ಬಿ ಬೊಂಬಾಯಲ್ಲಿ ಒಬ್ಳ್ ಚೀನದ್ ಅಜ್ಜಿ ಹತ್ರ ಕಲ್ತದ್ದ್. ಯಾರಿಗೂ ಬತ್ತ್. ಗಿರಿಜಕ್ಕಂಗೆ ಕಲ್ಸಿಕೊಟ್ಟೇ ಹೋತೆ."

ಗಿರಿಜಾ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. "ನನ್ ಕೈಯಾ? ನಾನ್ ನೆಟ್ಟ್ ಬಸಳೆಯೇ ಬದ್ಕುದಿಲ್ಲ, ಮರಾಯ್ತಿ." ಸಾವಿನ ಮನೆಯೆಂದು ಉಳಿದವರು ನಗು ತಡೆದರು.

ಶೆಡ್ತಿ ಮಾತ್ರ ನಗಲಿಲ್ಲ. "ನಿನ್ ಅಬ್ಬಿ ಬಾಯಲ್ಲೇ ಕೇಂಡಿದ್ದೆ ನಾನ್, ಕಲ್ತದ್ದಲ್ಲ ಅಂದೇಳಿ," ಎಂದರು. ಚಿತೆಯ ಬಳಿಯಿಂದ ಬರುತ್ತಿದ್ದ ಮಂಜನನ್ನು ಕರೆದು, ಮನೆ ಹೆಣ್ಣಿಗೇ ಇರಲಿ, ಮಂಗಳೂರು ಯಾಕೆ ಎಂದು ಕೇಳಿದರು. ಮಂಜ ಉಳುತ್ತಿದ್ದುದು ಅವರದೇ ಗದ್ದೆ. ಅವನು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ಕಮಲಳ ಕಡೆ ನೋಡಲಿಲ್ಲ.

"ಮುಂದಿನ್ ವರ್ಷ ಕಾಂಬ, ಮಗಾ."

"ಮುಂದಿನ್ ವರ್ಷ ಸೀಟ್ ಸಿಕ್ಕುದಿಲ್ಲ, ಮಾವ."

ಬೆಂಕಿ ನೋಡಬೇಕೆಂದು ಅವನು ಹಿಂದಿರುಗಿದ.

ಜಗಲಿಯಲ್ಲಿ ಗಿರಿಜಾ ತಗ್ಗಿದ ದನಿಯಲ್ಲಿ ಲೆಕ್ಕ ಬಿಡಿಸಿದಳು. ನಾಳೆಯಿಂದ ಸೂತಕ ಕಳೆಯುವ ತನಕ ಕಮಲಳನ್ನು ಮುಟ್ಟುವ ಹಾಗಿಲ್ಲ. ಇವತ್ತಾದರೆ ಹೇಗೂ ಎಲ್ಲರೂ ಮನೆಗೆ ಹೋಗಿ ಮೀಯಲೇಬೇಕು, ಅವಳಿಂದ ಒತ್ತಿಸಿಕೊಂಡರೂ ಮೈಲಿಗೆ ಅದರಲ್ಲೇ ಹೋಗುತ್ತದೆ. ಹೇಳುತ್ತಲೇ ಗೋಡೆಗೆ ಒರಗಿ ಕಾಲು ಚಾಚಿದಳು. ಪಕ್ಕದವಳು ಮಡಿಲ ಮಗುವನ್ನು ಕೆಳಗಿಳಿಸಿ ತನ್ನದನ್ನೂ ಚಾಚಿದಳು. ಕಮಲ ಶೆಡ್ತಿಯವರ ಹಿಡಿತದಿಂದ ಕೈ ಬಿಡಿಸಿಕೊಂಡು ಎದ್ದು ನಿಲ್ಲುವಷ್ಟರಲ್ಲಿ ಬಾಗಿಲಿನಿಂದ ಮೆಟ್ಟಿಲವರೆಗೆ ಕಾಲುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅಂಗಳಕ್ಕೆ ಇಳಿಯಲು ಒಂದು ಪಾದ ಊರುವಷ್ಟೂ ಜಾಗವಿರಲಿಲ್ಲ.